ಎಂಟನೆಯ ಸಾಲಿನ ಉಸಿರು

೧೫ ಮೇ ೧೯೬೧, ಸೋಮವಾರ

ಆನ್ಸೆಲ್ಮ್ ತೀರಿಕೊಂಡು ಇವತ್ತಿಗೆ ಹನ್ನೆರಡು ವಾರ.

ನಿದ್ದೆಗೆ ಮಾತ್ರೆ ಕೇಳಿದರೆ ಡಾಕ್ಟರು, “ಮನಸ್ಸಿಗೆ ಬಂದಿದ್ದು ಬರೀತಾ ಹೋಗಿ ಮದಾಂ, ಹಗುರ ಆಗುತ್ತೆ” ಎಂದು ಕೈ ತೊಳೆದುಕೊಂಡರು. ಬರೆದರೆ ನಿದ್ದೆ ಬರುವುದಾದರೆ ಪುರಸಭೆಯ ಗುಮಾಸ್ತರೆಲ್ಲ ಗೊರಕೆ ಹೊಡೆಯಬೇಕಿತ್ತು. ಹೊಡೆಯುತ್ತಾರೆ, ಅದು ಬೇರೆ ಮಾತು. ಸರಿ, ಬರೆಯುತ್ತೇನೆ.

ಬೆಳಿಗ್ಗೆ ಹತ್ತಕ್ಕೆ ಸಂಗೀತಶಾಲೆಯ ನಿರ್ದೇಶಕರು ಈ ವರ್ಷದ ಪರೀಕ್ಷಾ ಕೃತಿಗಳ ಪಟ್ಟಿಯನ್ನು ಹಲಗೆಗೆ ಚುಚ್ಚಿದರು. ಬಸೂನ್ ತರಗತಿಗೆ, ಅಂದರೆ ಆ ಉದ್ದನೆಯ ಮರದ ಕೊಳವೆ ಊದುವವರಿಗೆ, ಫೊಂಪ್ರೆಯವರ ‘ಸ್ವಗತ ಮತ್ತು ಕುಣಿತ’. ಎರಡು ಸಲ ಓದಿದೆ. ನಿರ್ದೇಶಕರು ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು, “ನಿಮ್ಮ ಯಜಮಾನ್ರ ನೆನಪಿಗೆ ಅಂತಾನೇ ಆರಿಸಿದ್ವಿ, ಮದಾಂ ಕೊದ್ರೆಲಿಯೆ” ಎಂದರು. ಥ್ಯಾಂಕ್ಸ್ ಹೇಳಿದೆ. ಬೇರೆ ಏನು ಹೇಳಲಿ?

೧೯೩೩ರಲ್ಲಿ, ಫೊಂಪ್ರೆ ಇನ್ನೂ ನಮ್ಮ ಚರ್ಚಿನ ಆರ್ಗನ್ ನುಡಿಸುತ್ತಿದ್ದಾಗ, ಇದೇ ಶಾಲೆಯ ಪರೀಕ್ಷೆಗೆಂದೇ ಬರೆದ ಕೃತಿ ಅದು. ಮೊದಲ ಪುಟದ ನೆತ್ತಿಯ ಮೇಲೆ ‘ಆನ್ಸೆಲ್ಮ್ ಕೊದ್ರೆಲಿಯೆಗೆ’ ಎಂದು ಅಚ್ಚಾಗಿದೆ. ತರಗತಿಯ ಮೇಷ್ಟ್ರಿಗೆ ಅರ್ಪಿಸುವುದು ವಾಡಿಕೆ. ಆ ವರ್ಷದಿಂದ ಈ ಚಳಿಗಾಲದವರೆಗೆ ಎಷ್ಟು ಸಲ ಇಬ್ಬರೂ ಕೂಡಿ ಅದನ್ನು ನುಡಿಸಿದ್ದೇವೋ. ಅವನು ಬಸೂನ್, ನಾನು ಪಿಯಾನೋ. ನಾನು ಯಾವತ್ತೂ ಪಕ್ಕವಾದ್ಯದವಳು.

ಪರೀಕ್ಷೆ ಜೂನ್ ಹದಿನೇಳಕ್ಕೆ. ಮೂವರಿದ್ದಾರೆ, ಮೂವರೂ ಇದೇ ಕೃತಿಯನ್ನು ನನ್ನ ಜೊತೆ ನುಡಿಸಬೇಕು. ಇಬ್ಬರು ಹುಡುಗರು ಪರವಾಗಿಲ್ಲ. ಮೂರನೆಯವಳು ಗಣಿಯ ವಾಟ್‌ಬ್ಲೆಯ ಮಗಳು. ಎರಡು ವರ್ಷದ ಹಿಂದೆ ಎರಡನೆಯ ಬಹುಮಾನ ಬಂತು. ಹೋದ ವರ್ಷ ಏನೂ ಇಲ್ಲ. ಎರಡನೆಯದು ಬಂದವರಿಗೆ ಮೊದಲನೆಯದಕ್ಕೆ ಎರಡೇ ಅವಕಾಶ, ಆಮೇಲೆ ತರಗತಿಯ ಬಾಗಿಲು ಮುಚ್ಚುತ್ತದೆ. ಅವಳಿಗೆ ಇದು ಕೊನೆಯದು.

ಆ ಹುಡುಗಿಯನ್ನು ಕಂಡರೆ ನನಗಾಗದು. ಬರೆಯಿರಿ ಎಂದಿದ್ದಾರಲ್ಲ, ಬರೆದುಬಿಡುತ್ತೇನೆ. ಜನವರಿಯಲ್ಲಿ ಆನ್ಸೆಲ್ಮ್ ಹಾಸಿಗೆ ಬಿಟ್ಟು ಏಳಬಾರದಿತ್ತು. ಆದರೂ ಕೋಟಿನ ಮೇಲೆ ಕೋಟು ಹಾಕಿಕೊಂಡು ಅವಳ ಪಾಠಕ್ಕೆ ಹೋಗುತ್ತಿದ್ದ. ಇದ್ದಬದ್ದ ಉಸಿರನ್ನೆಲ್ಲ ಅಲ್ಲಿ ಸುರಿದು ಬಂದ. ಮನೆಗೆ ಉಳಿದದ್ದು ಕೆಮ್ಮು.

೧೮ ಮೇ, ಗುರುವಾರ

ಮೊದಲ ಅಭ್ಯಾಸ. ಹುಡುಗರಿಬ್ಬರೂ ತಮ್ಮ ಪಾಡಿಗೆ ಊದಿದರು, ನಾನು ನನ್ನ ಪಾಡಿಗೆ ನುಡಿಸಿದೆ. ಎಂಟನೆಯ ಸಾಲಿನಲ್ಲಿ ಆನ್ಸೆಲ್ಮ್ ಕಲಿಸಿದ ಹಾಗೇ ಉಸಿರು ತೆಗೆದುಕೊಂಡರು. ಕಣ್ಣು ಮುಚ್ಚಿದ್ದರೆ ಅವನೇ ಅನ್ನಿಸುತ್ತಿತ್ತು.

ಆ ಸಾಲು ಕೆಳಗಿನಿಂದ ಮೆಲ್ಲಗೆ ಹತ್ತುತ್ತಾ ಬಸೂನಿನ ತುತ್ತತುದಿಯ ಸ್ವರಕ್ಕೆ ಹೋಗುತ್ತದೆ. ತುದಿ ಮುಟ್ಟುವ ಮುಂಚೆ ಆನ್ಸೆಲ್ಮ್ ಒಂದು ಕ್ಷಣ ನಿಂತು ಉಸಿರೆಳೆಯುತ್ತಿದ್ದ. ನನ್ನ ಎಡಗೈ ಕಾಯುತ್ತಿತ್ತು. ಆಮೇಲೆ ಇಬ್ಬರೂ ಒಟ್ಟಿಗೆ ಆ ಸ್ವರವನ್ನು ಮುಟ್ಟುತ್ತಿದ್ದೆವು. ನಮ್ಮ ಮದುವೆಯಲ್ಲಿ ಎಷ್ಟೋ ಜಗಳಗಳಿದ್ದವು, ಆ ಜಾಗದಲ್ಲಿ ಮಾತ್ರ ಒಂದೇ ಒಂದು ಸಲವೂ ತಪ್ಪಿಲ್ಲ.

ವಾಟ್‌ಬ್ಲೆಯ ಮಗಳು ನಿಲ್ಲಲಿಲ್ಲ. ಒಂದೇ ಉಸಿರಲ್ಲಿ ಹತ್ತಿಹೋದಳು. ನನ್ನ ಕೈ ಹಿಂದೆ ಉಳಿಯಿತು.

“ಯಾಕ್ ನಿಂತ್ರಿ, ಮದಾಂ?”

“ನೀನ್ಯಾಕ್ ನಿಲ್ಲಲಿಲ್ಲ?”

“ಇಲ್ಲಿ ಉಸಿರಿನ ಗುರುತೇ ಇಲ್ವಲ್ಲ.”

“ಎಲ್ಲಾನೂ ಕಾಗದದಲ್ಲಿ ಬರ್ಕೊಡ್ತಾರಾ? ನಿಮ್ಮ ಮೇಷ್ಟ್ರು ಇಪ್ಪತ್ತೆಂಟು ವರ್ಷ ಅಲ್ಲೇ ಉಸಿರು ತಗೊಂಡಿದ್ದಾರೆ. ಬರೆದೋರೇ ಹಾಗೆ ಬೇಕು ಅಂದಿದ್ರು.”

“ನಂಗೆ ಉಸಿರು ಸಾಲುತ್ತೆ, ಮದಾಂ.”

“ಸಾಲುತ್ತೋ ಬಿಡುತ್ತೋ ಅಂತ ಯಾರ್ ಕೇಳಿದ್ರು? ಸಾಲ್ದೆ ತಗೊಳೋ ಉಸಿರಲ್ಲ ಅದು.”

ಅವಳು ತಲೆ ತಗ್ಗಿಸಿ ಬಸೂನಿನ ಬಾಯಿಂದ ಊದುವ ಪೀಪಿ ತೆಗೆದು ಒರೆಸಿದಳು. ಆ ಪೀಪಿಗೆ ಜೊಂಡು ಕೆತ್ತಿ ಕೊಟ್ಟವನೂ ಆನ್ಸೆಲ್ಮನೇ. ಕಟ್ಟಿದ ಕೆಂಪು ದಾರ ನೋಡಿದರೆ ಗೊತ್ತಾಗುತ್ತದೆ.

೨೨ ಮೇ, ಪೆಂತಕೋಸ್ತ್ ಸೋಮವಾರ

ಹದಿಮೂರು ವಾರ. ಹಬ್ಬದ ರಜ. ಚೌಕದಲ್ಲಿ ಗಣಿಯವರ ಬ್ಯಾಂಡು ಇತ್ತು. ಮನೆಯಲ್ಲೇ ಇರೋಣವೆಂದುಕೊಂಡಿದ್ದೆ, ಸಂಗೀತಶಾಲೆಯ ಬಾಗಿಲು ಕಾಯುವ ದೆಲೊಬೆಲ್ ಬಂದು ಎಬ್ಬಿಸಿಕೊಂಡು ಹೋದಳು. “ಸತ್ತೋರ್ ಜೊತೆ ಹೋಗೋಕಾಗಲ್ಲ, ಬದುಕಿರೋರ್ ಜೊತೆ ಒಂದ್ ಬಿಯರಾದ್ರೂ ಕುಡೀರಿ” ಎನ್ನುತ್ತಾಳೆ. ಆಕೆ ಇಬ್ಬರು ಗಂಡಂದಿರನ್ನು ಮಣ್ಣು ಮಾಡಿದವಳು, ಮಾತಿಗೆ ತೂಕವಿದೆ.

ಕೆಫೆಯ ಮುಂದೆ ಕುರ್ಚಿಯಲ್ಲಿ ವಾಟ್‌ಬ್ಲೆ ಕೂತಿದ್ದ. ಇಪ್ಪತ್ತಾರು ವರ್ಷ ಗಣಿಯ ಕೆಳಗಿದ್ದವನು. ಎದೆಯೊಳಗೆ ಕಲ್ಲಿನ ಧೂಳು ಕೂತಿದೆ, ನಾಲ್ಕು ಮಾತಿಗೊಮ್ಮೆ ನಿಲ್ಲುತ್ತಾನೆ. ಇದೇ ಬ್ಯಾಂಡಿನಲ್ಲಿ ಬಸೂನ್ ಊದುತ್ತಿದ್ದ. ಈಗ ಮುಂದಿನ ಸಾಲಿನಲ್ಲಿ ಅವನ ಜಾಗಕ್ಕೆ ಮಗಳು. ಬ್ಯಾಂಡಿನವರ ನೀಲಿ ಟೋಪಿ ಅವಳ ಕೂದಲಿನ ಮೇಲೆ ನಿಲ್ಲುತ್ತಿರಲಿಲ್ಲ.

“ಈ ಸಲ ಆಗುತ್ತಾ, ಮದಾಂ?” ಎಂದ.

“ನೋಡ್ಬೇಕು.”

“ಪಕ್ಕದೂರಿನ ಮೇಯರು ಮಾತು ಕೊಟ್ಟವ್ರೆ. ಮೊದಲ್ನೇ ಬಹುಮಾನ ತಂದ್ರೆ... ಅವರ ಶಾಲೇಲಿ ಮೇಷ್ಟ್ರು ಕೆಲ್ಸ. ಇಲ್ದಿದ್ರೆ ಈಗಿನ ಗಿರಣಿ ಕೆಲ್ಸಾನೇ ಜೀವ್ನಪೂರ್ತಿ.” ಉಸಿರು ಕೂಡಿಸಿಕೊಂಡು, “ಅಲ್ಲಿ ಹತ್ತಿ ಧೂಳು, ಮದಾಂ. ಬೆಳ್ಗಿರುತ್ತೆ, ಅಷ್ಟೇ ವ್ಯತ್ಯಾಸ” ಎಂದ.

ದೆಲೊಬೆಲ್ ನಡುವೆ ಬಾಯಿ ಹಾಕಿ, “ಹೆಣ್ಮಕ್ಳು ಅಷ್ಟುದ್ದದ ಕೊಳವೆ ಹಿಡ್ಕೊಂಡ್ರೆ ಮೇಯರಿಗೇನು, ಪೋಪ್‌ಗೂ ಭಯ ಆಗುತ್ತೆ, ಕೊಟ್ಟೇ ಕೊಡ್ತಾರೆ ಬಿಡಪ್ಪ” ಎಂದಳು. ವಾಟ್‌ಬ್ಲೆ ನಗಲು ಹೋಗಿ ಕೆಮ್ಮಿದ. ಆ ಕೆಮ್ಮಿನ ಗುರುತು ನನಗಿದೆ. ಬಿಯರು ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

೨೬ ಮೇ, ಶುಕ್ರವಾರ

ಆನ್ಸೆಲ್ಮನ ಜಾಗಕ್ಕೆ ಲಿಲ್‌ನಿಂದ ಬಂದಿರುವ ಲೆಸ್ತ್ಯೆನ್ ಅಭ್ಯಾಸ ಕೇಳಲು ಬಂದ. ವಯಸ್ಸು ಮೂವತ್ತೆರಡು, ಬೂಟು ಕನ್ನಡಿ. ಹುಡುಗರದ್ದನ್ನು ಕೇಳಿ ತಲೆಯಾಡಿಸಿದ. ಹುಡುಗಿ ಎಂಟನೆಯ ಸಾಲಿನಲ್ಲಿ ನಾನು ಹೇಳಿದ ಹಾಗೆ ನಿಂತು ಉಸಿರು ತೆಗೆದುಕೊಂಡಳು. ಅವನು ಕೈಯೆತ್ತಿದ.

“ಇಲ್ಯಾಕೆ ಸಾಲು ಮುರೀತಾ ಇದೀರಿ?”

“ಮುರೀತಾ ಇಲ್ಲ ಮೆಸ್ಯೂ, ಉಸಿರಾಡ್ತಾ ಇದಾಳೆ” ಎಂದೆ.

“ಹುಡುಗರು ತಗೊಳ್ಳಲಿ, ಅವರಿಗೆ ಬೇಕು. ಇವಳಿಗೆ ಬೇಡ. ತೀರ್ಪುಗಾರರಲ್ಲಿ ಇಬ್ಬರು ಪ್ಯಾರಿಸ್ಸಿನವರು. ನಿಮ್ಮೂರಿನ ಪದ್ಧತಿ ಅವರಿಗೇನು ಗೊತ್ತು? ಒಂದೇ ಉಸಿರಲ್ಲಿ ಆ ತುದಿಗೆ ಹೋಗೋರು ದೇಶದಲ್ಲಿ ಎಷ್ಟು ಜನ ಇದಾರೆ, ಮದಾಂ? ಇವಳ ಹತ್ರ ಇರೋದು ಅದೊಂದೇ. ಅದನ್ನೂ ಮುಚ್ಚಿಟ್ರೆ ಏನು ತೋರಿಸೋದು?”

“ನೀವು ಬಂದು ಹತ್ತು ವಾರ ಆಯ್ತು. ಆ ಕೃತಿ ಈ ಕೋಣೇಲಿ ಇಪ್ಪತ್ತೆಂಟು ವರ್ಷದಿಂದ ಇದೆ.”

ಅವನು ನನ್ನನ್ನು ಬಿಟ್ಟು ಅವಳ ಕಡೆ ತಿರುಗಿದ. “ನೀನೇ ಹೇಳು, ಗಿಲೆನ್.”

ಹುಡುಗಿ ನಮ್ಮಿಬ್ಬರನ್ನೂ ನೋಡಿದಳು. “ಮದಾಂ ಹೇಳ್ದಂಗೇ ಮಾಡ್ತೀನಿ, ಮೆಸ್ಯೂ.”

ಗೆದ್ದೆ. ಮನೆಗೆ ಬಂದು ಎಷ್ಟೋ ದಿನಗಳ ಮೇಲೆ ಒಂದು ಬಟ್ಟಲು ಸೂಪು ಪೂರ್ತಿ ಕುಡಿದೆ.

೨೯ ಮೇ, ಸೋಮವಾರ

ಹದಿನಾಲ್ಕು.

ಹೇಳಿದ್ದನ್ನು ಹೇಳಿದ ಹಾಗೆ ಊದುತ್ತಾಳೆ. ಅದೇ ತೊಂದರೆ. ಉಸಿರು ಬೇಕಿಲ್ಲದವಳು ಉಸಿರು ತೆಗೆದುಕೊಂಡರೆ ಅದು ನಿಲ್ಲುವುದಷ್ಟೇ ಆಗುತ್ತದೆ. ಆನ್ಸೆಲ್ಮ್ ಅಲ್ಲಿ ನಿಂತಾಗ ನನಗೆ ಅವನ ಭುಜ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಇವಳು ನಿಂತಾಗ ನನಗೆ ಪಿಯಾನೋ ಮೇಲಿನ ಧೂಳು ಕಾಣಿಸಿತು.

ಎರಡನೆಯ ಸಲಕ್ಕೆ ಮುಂಚೆ ಬೆಂಚಿನ ಮೇಲೆ ಕೂತಲ್ಲೇ ತೂಕಡಿಸಿಬಿಟ್ಟಳು. ಬೆಳಿಗ್ಗೆ ಐದಕ್ಕೆ ಗಿರಣಿ, ಒಂದಕ್ಕೆ ಬಿಡುಗಡೆ, ಎರಡಕ್ಕೆ ಇಲ್ಲಿ. ಕೂದಲಿನಲ್ಲಿ ಹತ್ತಿಯ ಎಳೆಗಳು ಹಾಗೇ ಇದ್ದವು. ಊಟ ಎಂದು ಕೇಳಿದರೆ, “ಟ್ರಾಮಲ್ಲಿ ಸೇಬು ತಿಂದೆ” ಎಂದಳು. ದೆಲೊಬೆಲ್‌ಗೆ ಹೇಳಿ ಬ್ರೆಡ್ಡು, ಬೆಣ್ಣೆ, ಚಿಕೋರಿ ಕಾಫಿ ತರಿಸಿದೆ. ಕನಿಕರವೇನಲ್ಲ. ಖಾಲಿ ಹೊಟ್ಟೆಯಲ್ಲಿ ಊದಿದರೆ ಸ್ವರ ಇಳಿಯುತ್ತದೆ.

೩೧ ಮೇ, ಬುಧವಾರ

ಬ್ರೆಡ್ಡಿಗೆ ಮಾರ್ವಾಲ್ ಚೀಸ್ ಹಚ್ಚಿ ಒಯ್ದಿದ್ದೆ. ವಾಸನೆ ತಾಳಲಾರದೆ ಹುಡುಗರು ಕಿಟಕಿ ತೆರೆದರು. ಅವಳು ಎರಡು ತುಂಡು ತಿಂದಳು.

೪ ಜೂನ್, ಭಾನುವಾರ

ಬೆಳಿಗ್ಗೆ ಸ್ಮಶಾನಕ್ಕೆ ಹೋಗಿ ಬಂದೆ. ಜೆರೇನಿಯಂ ಒಣಗಿತ್ತು, ನೀರು ಹಾಕಿದೆ. ಅಲ್ಲಿ ಕೂತು ಅವನೊಂದಿಗೆ ಜಗಳವಾಡಿದೆ ಎಂದರೆ ಯಾರಾದರೂ ನಂಬುತ್ತಾರೆಯೇ?

ನನಗೆ ನಾನೇ ಇಪ್ಪತ್ತೆಂಟು ವರ್ಷ ಹೇಳಿಕೊಂಡು ಬಂದ ಒಂದು ಸುಳ್ಳಿದೆ. ಇಲ್ಲಿ ಬರೆದರೆ ಯಾರೂ ಓದುವುದಿಲ್ಲ.

೧೯೩೩ರ ಜೂನ್. ಫೊಂಪ್ರೆಯವರ ಮನೆಯ ಮುಂಗೋಣೆ. ಶಾಯಿ ಇನ್ನೂ ಆರದ ಹಾಳೆಗಳು. ಆನ್ಸೆಲ್ಮ್ ಎದ್ದು ನಿಂತು ಮೊದಲ ಸಲ ಊದಿದ. ನನಗೆ ಇಪ್ಪತ್ತಾರು, ಮದುವೆಯಾಗಿ ಏಳು ವಾರ. ಎಂಟನೆಯ ಸಾಲಿನಲ್ಲಿ ಹತ್ತುತ್ತಾ ಹೋದವನು ತುದಿಗೆ ಮುಂಚೆ ನಿಂತುಬಿಟ್ಟ. ಮುಖ ಕೆಂಪಾಗಿತ್ತು. ಹದಿನೆಂಟನೆಯ ವಯಸ್ಸಿನಲ್ಲಿ, ಮೊದಲ ಮಹಾಯುದ್ಧದ ಕೊನೆಯ ಬೇಸಿಗೆಯಲ್ಲಿ ಒಳಗೆ ಹೋದ ವಿಷಗಾಳಿ ಅವನ ಎದೆಯನ್ನು ಅರ್ಧ ತಿಂದುಹಾಕಿತ್ತು. ಅವನು ನಿಂತದ್ದು ಉಸಿರು ಸಾಲದೆ. ನಾನು ಗಾಬರಿಯಾಗಿ ಕೈ ಎತ್ತಿ ಕಾದೆ. ಅವನು ಉಸಿರೆಳೆದುಕೊಂಡ, ಇಬ್ಬರೂ ಮುಂದುವರಿದೆವು. ಮುಗಿದ ಮೇಲೆ ಫೊಂಪ್ರೆ ಕನ್ನಡಕ ತೆಗೆದು ಒರೆಸುತ್ತಾ, “ಚೆನ್ನಾಗಿದೆ, ಹಾಗೇ ಇರ್ಲಿ” ಎಂದರು. ಒಳ್ಳೆಯ ಮನುಷ್ಯ. ಅಚ್ಚಿಗೆ ಕೊಡುವಾಗ ಆ ಉಸಿರಿನ ಗುರುತು ಹಾಕಲಿಲ್ಲ.

ಅಂದಿನಿಂದ ಅವನಿಗೆ ನಾಚಿಕೆಯಾಗಬಾರದೆಂದು ನಾನು ಪ್ರತಿ ಸಲ ಕಾದೆ. ನಾನು ಕಾದದ್ದರಿಂದ ಅದು ಶೈಲಿಯಾಯಿತು. ಅವನು ಅದನ್ನೇ ಕಲಿಸಿದ, ಕಲಿತವರು ಅದನ್ನೇ ಸಂಗೀತ ಎಂದರು. ಗಂಡನ ಕೆಮ್ಮನ್ನು ಊರಿಗೆಲ್ಲ ಪಾಠ ಮಾಡಿಸಿದ್ದೇನೆ.

ಈಗ ಆ ಹುಡುಗಿಗೂ ಮಾಡಿಸುತ್ತಿದ್ದೇನೆ. ಗಟ್ಟಿಮುಟ್ಟಾದ ಶ್ವಾಸಕೋಶವಿರುವವಳಿಗೆ. ಯಾಕೆಂದರೆ ಅವಳು ಅಲ್ಲಿ ನಿಲ್ಲದಿದ್ದರೆ ನನ್ನ ಆನ್ಸೆಲ್ಮ್ ಎಲ್ಲಿಯೂ ಇರುವುದಿಲ್ಲ. ದೇವರೇ, ಎಂಥ ಸ್ವಾರ್ಥ.

೫ ಜೂನ್, ಸೋಮವಾರ

ಹೇಳಿಬಿಟ್ಟೆ. ಅಷ್ಟನ್ನೂ ಅಲ್ಲ. “ಎಂಟನೇ ಸಾಲಲ್ಲಿ ಉಸಿರು ಬೇಡ, ಲೆಸ್ತ್ಯೆನ್ ಹೇಳಿದ್ದೇ ಸರಿ” ಎಂದೆ.

“ಆದ್ರೆ ಬರೆದೋರೇ ಬೇಕು ಅಂದಿದ್ರು, ಅಂದ್ರಲ್ಲ?”

“ನಂಗೆ ವಯಸ್ಸಾಯ್ತು, ಏನೋ ನೆನಪು ತಪ್ಪಿದೆ. ಊದು.”

ಅವಳು ನನ್ನ ಮುಖ ನೋಡುತ್ತಲೇ ಪೀಪಿ ಬಾಯಿಗಿಟ್ಟು ಊದಿದಳು. ನಿಲ್ಲದೆ ಹತ್ತಿಹೋದಳು. ನಿಂತದ್ದು ನನ್ನ ಕೈ.

೯ ಜೂನ್, ಶುಕ್ರವಾರ

ನನ್ನ ಕೈ ನನ್ನ ಮಾತು ಕೇಳುತ್ತಿಲ್ಲ. ಐದು ದಿನದಿಂದ ಎತ್ತು ಏರಿಗೆ, ಕೋಣ ನೀರಿಗೆ. ಅವಳು ಮುಂದೆ ಹೋಗುತ್ತಾಳೆ, ನಾನು ಅಲ್ಲೇ ಕಾಯುತ್ತೇನೆ. ಬೇಡ ಎಂದು ಮನಸ್ಸಿನಲ್ಲಿ ಹೇಳಿಕೊಂಡು ಹೊರಟರೂ ಆ ಜಾಗ ಬಂದೊಡನೆ ಬೆರಳುಗಳು ಗಾಳಿಯಲ್ಲಿ ನಿಲ್ಲುತ್ತವೆ. ಹುಡುಗರ ಜೊತೆ ಕಾಯಬೇಕು, ಇವಳ ಜೊತೆ ಕಾಯಬಾರದು. ಐವತ್ನಾಲ್ಕನೆಯ ವಯಸ್ಸಿನಲ್ಲಿ ಇದೊಂದು ಕಸರತ್ತು.

ಇವತ್ತು ಹನ್ನೊಂದನೆಯ ಸಲವೂ ತಪ್ಪಿದಾಗ ನಾನೇ ಪಿಯಾನೋ ಮುಚ್ಚಳ ದಢಾರನೆ ಹಾಕಿದೆ. ಗಿಲೆನ್ ಬೆಚ್ಚಿಬಿದ್ದು, ಆಮೇಲೆ ನಕ್ಕಳು. ಅವಳು ನಕ್ಕದ್ದನ್ನು ಇದೇ ಮೊದಲು ನೋಡಿದ್ದು. ಮುಂದಿನ ಒಂದು ಹಲ್ಲು ಓರೆ.

“ಅವನ ಭುಜ ನೋಡ್ಕೊಂಡು ನುಡಿಸಿ ಅಭ್ಯಾಸ ಕಣೇ” ಎಂದೆ. “ಉಸಿರಿಗೆ ಮುಂಚೆ ಬಲಭುಜ ಏಳೋದು. ಈಗ ನಿನ್ನ ಭುಜ ಕಂಡ್ರೂ ಕೈ ತಾನಾಗೇ ಕಾಯುತ್ತೆ.”

“ಹಂಗಾದ್ರೆ ನೋಡ್ಬೇಡಿ.”

“ನೋಡ್ದೆ ಪಕ್ಕವಾದ್ಯ ಹೇಗೆ ನುಡಿಸೋದು?”

“ನನ್ನನ್ನ ನಂಬಿ” ಎಂದಳು. ಸಣ್ಣ ಹುಡುಗಿಯ ಬಾಯಲ್ಲಿ ಎಂಥ ಮಾತು.

೧೨ ಜೂನ್, ಸೋಮವಾರ

ಸಿಕ್ಕಿತು! ಏಳನೆಯ ಸಾಲಿನಿಂದಲೇ ತಲೆ ತಗ್ಗಿಸಿ ಪಿಯಾನೋದ ಕಪ್ಪುಬಿಳಿ ಮನೆಗಳ ಮೇಲೆ ಕಣ್ಣು ನೆಟ್ಟರೆ ಕೈ ಕಾಯುವುದಿಲ್ಲ. ಮೂರು ಸಲಕ್ಕೆ ಮೂರು ಸಲವೂ ಸರಿಯಾಯಿತು. ಆದರೆ ನಡುವೆ ತಗ್ಗಿಸಲು ಹೋದರೆ ಒಮ್ಮೊಮ್ಮೆ ತಡವಾಗುತ್ತದೆ, ಪರೀಕ್ಷೆಯ ದಿನ ಮೊದಲಿಂದಲೇ ತಲೆ ಎತ್ತದೆ ಕೂರುತ್ತೇನೆ. ಅವಳಿಗೆ ಇದೆಲ್ಲ ಹೇಳಲಿಲ್ಲ. ಊದುವವರ ತಲೆಯಲ್ಲಿ ಪಿಯಾನೋದವರ ಚಿಂತೆ ತುಂಬಬಾರದು.

ನಿನ್ನೆ ಭಾನುವಾರ ಸ್ಮಶಾನಕ್ಕೆ ಹೋಗಲಾಗಲಿಲ್ಲ. ಗಿಲೆನ್ ಅಭ್ಯಾಸಕ್ಕೆ ಮನೆಗೇ ಬಂದಿದ್ದಳು. ಅವಳು ಪರೀಕ್ಷೆಗೆ ಹಾಕಿಕೊಳ್ಳುವ ಕಪ್ಪು ಸ್ಕರ್ಟಿನ ಅಂಚು ಬಿಚ್ಚಿತ್ತು, ಹೊಲಿದು ಕೊಟ್ಟೆ.

೧೫ ಜೂನ್, ಗುರುವಾರ

ಕೊನೆಯ ಅಭ್ಯಾಸ, ದೊಡ್ಡ ಸಭಾಂಗಣದಲ್ಲಿ. ಲೆಸ್ತ್ಯೆನ್ ಹಿಂದಿನ ಸಾಲಿನಲ್ಲಿ ಕೂತಿದ್ದ.

ಮೊದಲಿಂದ ಕೊನೆಯವರೆಗೆ ನಿಲ್ಲದೆ ನುಡಿಸಿದೆವು. ಎಂಟನೆಯ ಸಾಲು ಬಂತು. ನಾನು ಮನೆಗಳನ್ನೇ ನೋಡುತ್ತಿದ್ದೆ. ಅವಳ ಸ್ವರ ಹತ್ತಿತು, ಹತ್ತಿತು, ಆ ಜಾಗವನ್ನು ದಾಟಿಹೋಯಿತು. ತುದಿಯ ಸ್ವರ ಬಂದಾಗ ನಾನು ಅವಳ ಜೊತೆಗಿದ್ದೆ. ಇಪ್ಪತ್ತೆಂಟು ವರ್ಷದಲ್ಲಿ ಆ ಸಾಲು ಹೇಗಿದೆಯೆಂದು ನಾನು ಕಿವಿಗೊಟ್ಟು ಕೇಳಿಯೇ ಇರಲಿಲ್ಲ. ಇಷ್ಟು ಚೆಂದವೆಂದು ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ, ಪಾಪ.

ಮುಗಿದ ಮೇಲೆ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತೆ. ತಲೆ ಎತ್ತಲಾಗಲಿಲ್ಲ. ಲೆಸ್ತ್ಯೆನ್ ಚಪ್ಪಾಳೆ ತಟ್ಟಿದ. ಗಿಲೆನ್ ಹಿಂದೆ ಬಂದು ಮೆಲ್ಲಗೆ ಕೇಳಿದಳು.

“ಮದಾಂ, ನಿಮಗೆ ಬೇಜಾರಾಯ್ತಾ?”

“ಇಲ್ಲ ಕಣೇ, ಸೀಮೆಸುಣ್ಣದ ಧೂಳು.”

“ಈ ಹಾಲಲ್ಲಿ ಕರಿಹಲಗೆ ಇಲ್ಲ, ಮದಾಂ.”

“ಹೋಗು, ಹೋಗಿ ಮಲ್ಕೋ” ಎಂದು ಗದರಿಸಿ ಕಳಿಸಿದೆ. ನನಗೆ ಬೇಜಾರಾಗಿರಲಿಲ್ಲ. ಬೇರೇನೋ ಆಗಿತ್ತು.

೧೭ ಜೂನ್, ಶನಿವಾರ

ಮೊದಲ ಬಹುಮಾನಕ್ಕೆ ಐವರು ತೀರ್ಪುಗಾರರಲ್ಲಿ ಮೂವರ ಮತ ಬೇಕು. ಗಿಲೆನ್‌ಗೆ ಬಿದ್ದದ್ದು ಎರಡು.

ಕ್ರಮವಾಗಿ ಬರೆಯುತ್ತೇನೆ. ಮೇಜಿನ ಹಿಂದೆ ಐವರು ಕೂತಿದ್ದರು, ಸಭಾಂಗಣ ತುಂಬಿತ್ತು. ವಾಟ್‌ಬ್ಲೆ ಬಂದಿರಲಿಲ್ಲ. ಅವನಿಗೆ ಇಲ್ಲಿಯ ಮೂವತ್ತೆಂಟು ಮೆಟ್ಟಿಲು ಹತ್ತಲಾಗದು. ಹುಡುಗರು ಮೊದಲು ಊದಿದರು. ನಾನು ಅವರ ಭುಜ ನೋಡಿದೆ, ಅವರಿಗೆ ಕಾದೆ, ಎಲ್ಲ ಸುಗಮ. ಆಮೇಲೆ ಗಿಲೆನ್ ಬಂದಳು. ಶ್ರುತಿ ನೋಡಿಕೊಂಡಳು. ನಾನು ಆಗಲೇ ತಲೆ ತಗ್ಗಿಸಿ ಮನೆಗಳ ಮೇಲೆ ಕಣ್ಣು ನೆಟ್ಟಿದ್ದೆ. ತಲೆ ಎತ್ತಬಾರದು, ಎತ್ತಿದರೆ ಅವಳ ಬದುಕು ಹಾಳು ಎಂದು ಒಳಗೇ ಹೇಳಿಕೊಳ್ಳುತ್ತಿದ್ದೆ.

ಚೆನ್ನಾಗಿ ಶುರುವಾಯಿತು. ಗುರುವಾರಕ್ಕಿಂತ ಚೆನ್ನಾಗಿತ್ತು. ಎಂಟನೆಯ ಸಾಲು ಹತ್ತಿತು. ನನ್ನ ಎಡಗೈ, ಬರೆದ ಜಾಗದಲ್ಲಿ, ಒಂದು ಕೂದಲೆಳೆಯಷ್ಟೂ ಕಾಯದೆ ಬಿತ್ತು.

ಅಲ್ಲಿ ಅವಳಿರಲಿಲ್ಲ. ನನ್ನ ಸ್ವರವೊಂದೇ ಕೇಳಿಸಿತು. ಅದರ ನಡುವೆ ಅವಳು ಉಸಿರೆಳೆದುಕೊಂಡ ಸದ್ದು.

ಆಮೇಲೆ ತುದಿಯ ಸ್ವರ ಬಂತು, ತಡವಾಗಿ, ಒಡೆದು. ನಾನು ನಿಂತೆ, ಅವಳು ಓಡಿದಳು. ಎರಡು ಸಾಲು ಒಬ್ಬರನ್ನೊಬ್ಬರು ಹುಡುಕಾಡಿದೆವು. ಕುಣಿತದ ಭಾಗದಲ್ಲಿ ಸೇರಿಕೊಂಡೆವು. ಅದನ್ನು ಅವಳು ಬೆಂಕಿ ಹತ್ತಿದವಳಂತೆ ಊದಿದಳು, ಜನ ಎದ್ದು ಚಪ್ಪಾಳೆ ತಟ್ಟಿದರು. ಆದರೆ ಮೇಜಿನ ಹಿಂದೆ ಪೆನ್ಸಿಲ್‌ಗಳು ಆಗಲೇ ಬರೆದು ಮುಗಿಸಿದ್ದವು.

ಫಲಿತಾಂಶ ಓದುವಾಗ ಹುಡುಗರಿಬ್ಬರಿಗೂ ಎರಡನೆಯ ಬಹುಮಾನ. ಅವಳ ಹೆಸರನ್ನು ಕರೆಯಲೇ ಇಲ್ಲ. ಎರಡನೆಯದು ಮೊದಲೇ ಬಂದವಳಿಗೆ ಮತ್ತೆ ಎರಡನೆಯದು ಕೊಡುವುದಿಲ್ಲ, ನಿಯಮ ಹಾಗಿದೆ.

ನಾನು ಮೇಜಿನ ಹತ್ತಿರ ಹೋದೆ. ಮಧ್ಯದಲ್ಲಿ ಕೂತಿದ್ದ ಹಿರಿಯರಿಗೆ, “ತಪ್ಪು ಪಿಯಾನೋದ್ದು, ಮೆಸ್ಯೂ. ಅವಳದ್ದಲ್ಲ” ಎಂದೆ.

ಅವರು ಎದ್ದು ನಿಂತು, ಬಹಳ ಸೌಜನ್ಯದಿಂದ ಉತ್ತರಿಸಿದರು. “ನಿಮ್ಮ ನುಡಿಸಾಣಿಕೆ ಚೊಕ್ಕವಾಗಿತ್ತು, ಮದಾಂ. ಅಚ್ಚಿನಲ್ಲಿ ಹೇಗಿದೆಯೋ ಹಾಗೇ ಇತ್ತು. ಹುಡುಗಿ ಸಾಲಿನ ನೆತ್ತಿಯಲ್ಲಿ ಮುರಿದಳು. ಶ್ವಾಸ ಗಟ್ಟಿಯಿಲ್ಲ ಅಂತ ಕಾಣುತ್ತೆ.”

ಶ್ವಾಸ ಗಟ್ಟಿಯಿಲ್ಲ! ಅವರ ಕೋಟು ಹಿಡಿದು ಅಲುಗಾಡಿಸಬೇಕೆನ್ನಿಸಿತು. ಹೊರಗೆ ಬಂದು ನೋಡಿದರೆ ಗಿಲೆನ್ ಹೊರಟುಹೋಗಿದ್ದಳು. ಎರಡು ವಾರ ಅಲ್ಲಿ ನಿಲ್ಲು, ನಿಲ್ಲು ಎಂದು ನಾನೇ ತಲೆಗೆ ಬಡಿದೆ. ಗಾಬರಿಯಲ್ಲಿ ಅದೇ ಮೇಲೆ ಬಂದಿರಬೇಕು.

೧೮ ಜೂನ್, ಭಾನುವಾರ

ಊಟವಾದ ಮೇಲೆ ಬಸ್ಸು ಹಿಡಿದು ಗಣಿಯವರ ಸಾಲುಮನೆಗಳಿಗೆ ಹೋದೆ. ಎಲ್ಲ ಒಂದೇ ಇಟ್ಟಿಗೆ, ಒಂದೇ ಬಾಗಿಲು, ಮೂರು ಕಡೆ ತಟ್ಟಿ ನಾಲ್ಕನೆಯದಕ್ಕೆ ಸಿಕ್ಕಿತು. ಗಿಲೆನ್ ಅಂಗಿಯ ತೋಳು ಮಡಚಿಕೊಂಡು ಪಾತ್ರೆ ತೊಳೆಯುತ್ತಿದ್ದಳು. ವಾಟ್‌ಬ್ಲೆ ಕಿಟಕಿಯ ಪಕ್ಕ, ಬೆನ್ನಿಗೆ ಮೂರು ದಿಂಬು ಕೊಟ್ಟುಕೊಂಡು ಕೂತಿದ್ದ. ಮಲಗಿದರೆ ಉಸಿರು ಕಟ್ಟುತ್ತದಂತೆ.

“ಕೂತ್ಕೊಳಿ, ಮದಾಂ. ಕಾಫಿ ಬಿಸಿ ಇದೆ” ಎಂದ. ಬೈದಿದ್ದರೆ ಚೆನ್ನಾಗಿತ್ತು.

ನಾನು ಕೂರಲಿಲ್ಲ. ನಿಂತೇ ಹೇಳಿದೆ. ೧೯೩೩ರದ್ದನ್ನೂ ಹೇಳಿದೆ, ಉಸಿರು ಸಾಲದೆ ಆನ್ಸೆಲ್ಮ್ ನಿಂತದ್ದು, ಅದನ್ನು ನಾನು ಸಂಗೀತವೆಂದು ಸಾಧಿಸಿದ್ದು, ಎಲ್ಲ. “ಬೇಡ ಅಂದ್ಮೇಲೂ ಹಳೇದೇ ಬಂದ್ಬಿಡ್ತು. ನಾನೇ ಕಲಿಸಿದ್ದು. ಅವಳನ್ನ ಏನೂ ಅನ್ಬೇಡಿ.”

ಗಿಲೆನ್ ಕೈ ಒರೆಸಿಕೊಂಡು ತಿರುಗಿದಳು.

“ಹಳೇದು ಬಂದಿದ್ದಲ್ಲ, ಮದಾಂ. ಬೇಕೂಂತ್ಲೇ ತಗೊಂಡೆ.”

“ಏನಂದೆ?”

“ಶುರು ಮಾಡೋಕ್ ಮುಂಚೆ ತಿರುಗಿ ನೋಡ್ದೆ. ಹುಡುಗರು ಊದುವಾಗ ತಲೆ ಎತ್ಕೊಂಡು ನೋಡ್ತಾ ಇದ್ರಿ. ನನ್ನ ಸರದಿ ಬಂದಾಗ ತಲೆ ತಗ್ಗಿಸ್ಕೊಂಡು ಕೂತಿದ್ರಿ, ಗುರುವಾರ ಕಿ‌ಟಕಿ ಹತ್ರ ನಿಂತಿದ್ರಲ್ಲ, ಹಂಗೇ. ನೋಡ್ಬೇಡಿ ಅಂತ ನಾನೇ ಅಂದಿದ್ದು ನೆನಪೇ ಆಗ್ಲಿಲ್ಲ, ಅಳ್ತಾ ಇದೀರ ಅನ್ಕೊಂಡೆ. ಮೇಷ್ಟ್ರ ಜಾಗಾನ ನಾನು ಅಳಿಸಿ ಹಾಕ್ತಾ ಇದೀನಿ ಅಂತ ಅಳ್ತಿದೀರ, ಅಂತ.” ಅವಳು ಕೈ ಒರೆಸಿದ ಬಟ್ಟೆಯನ್ನು ಮೊಳೆಗೆ ಸಿಕ್ಕಿಸಿದಳು. “ಎಲ್ರೆದುರಿಗೆ ಒಂದೇ ಒಂದ್ಸಲ ಅವರ ಹಂಗೆ ಊದೋಣ ಅನ್ನಿಸ್ತು. ನಾನು ನಿಂತ್ರೆ ನೀವು ಹೆಂಗೂ ಕಾಯ್ತೀರ ಅಂತ ಗೊತ್ತಿತ್ತು.”

ಒಂದು ವಾರ ಕಷ್ಟಪಟ್ಟು, ತಲೆ ತಗ್ಗಿಸಿ, ಕಾಯದಿರುವುದನ್ನು ಕಲಿತೆ. ಯಾರಿಗಾಗಿ ಕಲಿತೆನೋ ಅವಳಿಗೇ ಕಾಯಲಿಲ್ಲ. ನನ್ನ ಜೀವಮಾನದಲ್ಲಿ ನನಗೋಸ್ಕರ ಒಬ್ಬರೂ ಅಂಥ ಕೆಲಸ ಮಾಡಿದ್ದಿಲ್ಲ. ಸಿಟ್ಟು ಬಂತು, ಅವಳನ್ನು ತಬ್ಬಿಕೊಳ್ಳಬೇಕೆನ್ನಿಸಿತು, ಎರಡೂ ಆಗಲಿಲ್ಲ.

ವಾಟ್‌ಬ್ಲೆ ದಿಂಬಿನಿಂದ ಮುಂದಕ್ಕೆ ಬಾಗಿದ. ಅಷ್ಟಕ್ಕೇ ಎದೆ ಸಿಳ್ಳೆ ಹಾಕಿತು.

“ಗಿಲೆನ್. ಅಲ್ಲಿ... ನಿಂಗೆ ಉಸಿರಿತ್ತಾ?”

“ಇತ್ತಪ್ಪಾ.”

“ಎಷ್ಟಿತ್ತು?”

“ಇನ್ನೂ ಅರ್ಧ ಸಾಲಿಗೆ ಆಗೋಷ್ಟು.”

ಅವನು ಮಗಳನ್ನು ನೋಡಿದ, ನನ್ನನ್ನು ನೋಡಿದ. ಮಾತಾಡಲು ಬಾಯಿ ತೆರೆದವನು ಎರಡು ಸಲ ನಿಲ್ಲಬೇಕಾಯಿತು.

“ಅಷ್ಟೊಂದು ಇಟ್ಕೊಂಡು... ಯಾಕವ್ವಾ ತಗೊಂಡೆ?”